ಪೈಪಿನ ಬಾಯಿ ಕಾಯುವ ಕುಲ್ಸುಂ

ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಆಚೆಯ ಮಿಲಿಟರಿ ಕಾಂಪೌಂಡಿನಿಂದ ಬೆಳಗಿನ ಕಹಳೆ ಇನ್ನೂ ಕೇಳಿಬಂದಿಲ್ಲ. ಗಂಡ ಮುಕ್ತಾರ್ ಆಟೊ ನಿಲ್ಲಿಸುವಷ್ಟರಲ್ಲೇ ಉಮ್ಮೆ ಕುಲ್ಸುಂ ಒಂದು ಕಾಲನ್ನು ಕೆಳಗಿಟ್ಟಾಗಿದೆ. ಬೀಗ ತೆಗೆದು, ಶಟರ್ ಎತ್ತಿ, ದೀಪ ಹಾಕುವ ಮುಂಚೆ ಅವರು ಕತ್ತಲಲ್ಲೇ ಒಂದು ಗಳಿಗೆ ನಿಂತು ಕಿವಿಗೊಡುತ್ತಾರೆ. ಒಳಕೋಣೆಯಲ್ಲಿ ನೀರು ಶುದ್ಧ ಮಾಡುವ ಆರ್‌ಒ ಪ್ಲಾಂಟ್ ಗುಂಯ್‌ಗುಡುತ್ತಿದ್ದರೆ ಸರಿ. ಇಲ್ಲವಾದರೆ ಮೊದಲ ಪಾಳಿಯವರೆಲ್ಲ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗಬೇಕು.

ಇವತ್ತು ಗುಂಯ್‌ಗುಡುತ್ತಿದೆ. ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧ ಬಿಟ್ಟು, ಟ್ಯೂಬ್‌ಲೈಟಿಗೆ ಎತ್ತಿ ನೋಡುತ್ತಾರೆ. ಹಳದಿಗೆ ತಿರುಗಿದರೆ ನೀರಲ್ಲಿ ಕ್ಲೋರಿನ್ ಉಳಿದಿದೆ ಎಂದರ್ಥ. ಆ ನೀರು ರಕ್ತದ ಪಕ್ಕಕ್ಕೂ ಸುಳಿಯಬಾರದು. ಬಣ್ಣ ತಿರುಗಲಿಲ್ಲ. ಕುಲ್ಸುಂ ಒಂದೊಂದೇ ಯಂತ್ರದ ಗುಂಡಿ ಒತ್ತುತ್ತಾ ಹೋಗುತ್ತಾರೆ. ಹೊರಗೆ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡ ನಾಲ್ಕೈದು ಮಂದಿ ಆಗಲೇ ಕುಳಿತಿದ್ದಾರೆ. ಒಬ್ಬರು ಕಾಕ್ಸ್‌ಟೌನಿನವರು, ಇಬ್ಬರು ಕೆ.ಆರ್. ಪುರದವರು. ಯಾರಿಗೂ ಮಾತಾಡುವ ಉಮೇದಿಲ್ಲ. ಕಿಡ್ನಿ ಕೈಕೊಟ್ಟು ಎರಡು ದಿನದ ನೀರು ಮೈಯಲ್ಲೇ ನಿಂತಾಗ ಮಾತೂ ಭಾರವಾಗುತ್ತದೆ.

ದಾನಿಗಳ ನೆರವಿನಿಂದ ನಡೆಯುವ ಈ ಡಯಾಲಿಸಿಸ್ ಕೇಂದ್ರದಲ್ಲಿ ಕುಲ್ಸುಂ ಹಿರಿಯ ಟೆಕ್ನಿಷಿಯನ್. ದಿನಕ್ಕೆ ಮೂರು ಪಾಳಿ, ಪಾಳಿಗೆ ಎಂಟು ಮಂಚ. ಡಾಕ್ಟರ ಹೆಸರು ಬೋರ್ಡಿನ ಮೇಲಿದೆ, ದಾನಿಗಳ ಹೆಸರು ಕಲ್ಲಿನ ಮೇಲಿದೆ. ಕುಲ್ಸುಂ ಹೆಸರು ರೋಗಿಗಳ ಬಾಯಲ್ಲಿ ಮಾತ್ರ. ಅಲ್ಲೂ ಅದು ಒಬ್ಬೊಬ್ಬರಿಗೆ ಒಂದೊಂದು ಥರ: ಕುಲ್ಸುಮಕ್ಕ, ಆಪಾ, ಸಿಸ್ಟರ್, ಯಮ್ಮಾ.

ಶಿವಾಜಿನಗರದ ಚಪ್ಪಲಿ ಹೊಲಿಯುವ ಗಲ್ಲಿಯಲ್ಲಿ ಹುಟ್ಟಿ ಬೆಳೆದ ಅವರು ಇಲ್ಲಿಗೆ ಬಂದದ್ದು ಬಿಲ್ ಬರೆಯುವ ಕೆಲಸಕ್ಕೆ. ಕೌಂಟರಿನಿಂದ ಒಳಗಿನ ಹಾಲ್ ಪೂರ್ತಿ ಕಾಣುತ್ತಿತ್ತು. ಬೂದಿಬಣ್ಣದ ಮುಖ ಹೊತ್ತು ಒಳಗೆ ಹೋದವರು ನಾಲ್ಕು ಗಂಟೆ ಕಳೆದು ಟೀ ಕೇಳುತ್ತಾ ಹೊರಗೆ ಬರುವುದನ್ನು ನೋಡೀ ನೋಡೀ, ತನಗೆ ಬೇಕಾದ್ದು ಆ ಕಡೆಯ ಕೆಲಸ ಎನ್ನಿಸಿತಂತೆ. ಮದುವೆಯಾದ ಮೇಲೆ ಡಯಾಲಿಸಿಸ್ ಡಿಪ್ಲೊಮಾ ಮಾಡಿದರು. "ನಮ್ಮ ಅಬ್ಬಾ ಬೇಡ ಅಂದ್ರು. ರಕ್ತದ ಕೆಲ್ಸ, ಹುಡುಗೀರಿಗೆ ಯಾಕೆ ಅಂದ್ರು. ಮುಕ್ತಾರ್ ಮಾತ್ರ, ಓದ್ಕೋ, ನಾನು ಬಿಡ್ತೀನಿ ಕರ್ಕೊಂಡ್ಬರ್ತೀನಿ ಅಂದ್ರು. ಇವತ್ತಿಗೂ ಬಿಡ್ತಾರೆ, ಬೈಕೊಂಡು ಬಿಡ್ತಾರೆ," ಎಂದು ನಗುತ್ತಾರೆ.

ನಗುವಾಗಲೂ ಅವರ ಎರಡೂ ಕೈ ದುಪಟ್ಟಾದ ಒಳಗಿರುತ್ತವೆ. ಮತ್ತೆ ಮತ್ತೆ ತೊಳೆದು, ಸ್ಪಿರಿಟ್ ಉಜ್ಜಿ, ಬೆರಳ ಸಂದಿಗಳು ಬಿರುಕು ಬಿಟ್ಟಿವೆ. ಬಳೆಯಿಲ್ಲ, ಉಂಗುರವಿಲ್ಲ. ನೆಂಟರ ಮದುವೆಗಳಲ್ಲಿ ಮೆಹಂದಿ ಹಚ್ಚುವವರ ಮುಂದೆ ಕೈ ಚಾಚಲು ನಾಚಿಕೆ.

ರಕ್ತ ಮೈಯಿಂದ ಹೊರಗೆ ಬಂದು, ಯಂತ್ರದಲ್ಲಿ ಶುದ್ಧವಾಗಿ, ಮತ್ತೆ ಒಳಗೆ ಹೋಗಲು ಎರಡು ದಾರಿಗಳಿವೆ. ತೋಳಿನ ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ಮಾಡುವ ಫಿಸ್ಟುಲಾ ಒಂದು. ಅದಕ್ಕೆ ಪ್ರತಿಸಲ ಸೂಜಿ ಚುಚ್ಚಬೇಕು. ಫಿಸ್ಟುಲಾ ಕೈಕೊಟ್ಟವರಿಗೆ ಕತ್ತಿನ ರಕ್ತನಾಳದೊಳಗೆ ಮೆತ್ತನೆಯ ಕ್ಯಾತಿಟರ್ ಇಳಿಸುತ್ತಾರೆ. ರೋಗಿಗಳ ಭಾಷೆಯಲ್ಲಿ ಅದು ಬರೀ 'ಪೈಪು'. ಅದರ ಎರಡು ಬಾಲ ಎದೆಯ ಮೇಲೆ ಹೊರಗೆ ನೇತಾಡುತ್ತವೆ, ಒಳಗಿನ ತುದಿ ಹೃದಯದ ಬಾಗಿಲಲ್ಲೇ ನಿಂತಿರುತ್ತದೆ. ಸೂಜಿಯ ನೋವಿಲ್ಲ, ಆದ್ದರಿಂದ ಕೆಲವರು ಅದನ್ನೇ ಸುಖವೆಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ.

"ಕೈಗೆ ಸೂಜಿ ಚುಚ್ಚೋವಾಗ ನಂಗೆ ಭಯ ಇಲ್ಲ. ಪೈಪಿನ ಮುಚ್ಚಳ ತೆಗೀತೀನಲ್ಲ, ಆಗ ಉಸಿರು ಹಿಡ್ಕೊಂಡಿರ್ತೀನಿ," ಎನ್ನುತ್ತಾರೆ ಕುಲ್ಸುಂ. "ಆ ಬಾಯಿ ತೆರೆದಿರೋ ಹೊತ್ತಲ್ಲಿ ಏನು ಒಳಗೆ ಹೋದ್ರೂ ಸೀದಾ ಹಾರ್ಟಿಗೇ ಹೋಗತ್ತೆ. ದಾರೀಲಿ ತಡೆಯೋಕೆ ಯಾರೂ ಇಲ್ಲ. ನಾನೊಬ್ಳೇ."

ಈ ಮಾತಿನ ತೂಕ ಅವರಿಗೆ ಪೂರ್ತಿ ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ, ಗಂಗಾಳಿಂದ.

ಗಂಗಾ ಯಾದಗಿರಿ ಕಡೆಯವಳು. ಗಂಡ ಬಸು ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸಕ್ಕಿದ್ದಾನೆ. ಅದರ ಹಿಂದಿನ ವಠಾರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅಲ್ಲೇ ಗಂಗಾ ಜೋಳದ ರೊಟ್ಟಿ ಬಡಿದು ಫ್ಲ್ಯಾಟುಗಳಿಗೆ ಕೊಡುತ್ತಿದ್ದಳು. ಹೆರಿಗೆಯ ಹೊತ್ತಿನಲ್ಲಿ ಬಿಪಿ ಏರಿ ಕಿಡ್ನಿ ಎರಡೂ ಕೆಟ್ಟವು. ಮಗಳು ಉಳಿದಳು. ಎಡತೋಳಿನಲ್ಲಿ ಎರಡು ಸಲ ಮಾಡಿದ ಫಿಸ್ಟುಲಾ ಎರಡು ಸಲವೂ ಹೆಪ್ಪುಗಟ್ಟಿತು. ಕತ್ತಿನ ಬಲಗಡೆ ಹಾಕಿದ ಪೈಪು ಕಟ್ಟಿಕೊಂಡು, ಎಡಗಡೆಗೆ ಬಂತು. "ಇದನ್ನ ಜೋಪಾನವಾಗಿ ಇಟ್ಕೋ, ಕತ್ತಿನಲ್ಲಿ ಇನ್ನು ಜಾಗ ಇಲ್ಲ," ಎಂದು ಪೈಪು ಹಾಕಿದ ಡಾಕ್ಟರು ಹೇಳಿದ್ದರು. ಆ ಮಾತು ಅವಳ ತಲೆಯಲ್ಲಿ ಕಲ್ಲಿನಂತೆ ಕೂತಿತು.

ವಾರಕ್ಕೆ ಮೂರು ದಿನ ಮೊದಲ ಪಾಳಿಗೆ ಬರುತ್ತಿದ್ದ ಗಂಗಾ ಬಾಯಿ ಬಡಕಿ. ಮಗಳ ತುಂಟತನ, ಫ್ಲ್ಯಾಟಿನ ಹೆಂಗಸರ ಡಯಟ್ಟು, ಎಲ್ಲವನ್ನೂ ಅಣಕ ಮಾಡಿ ತೋರಿಸಿ ಪಾಳಿಯವರನ್ನೆಲ್ಲ ನಗಿಸುತ್ತಿದ್ದಳು. ಯುಗಾದಿ ಕಳೆದದ್ದೇ ಆ ಬಾಯಿ ನಿಂತಿತು. ಉರಿ ಬಿಸಿಲಿನ ದಿನಗಳಲ್ಲಿ ಸ್ವೆಟರ್ ತೊಟ್ಟು ಬರತೊಡಗಿದಳು. ಕೇಳಿದರೆ, "ನಿಮ್ಮ ಏಸಿ ಥಂಡಿ ಅಕ್ಕಾ," ಎನ್ನುತ್ತಿದ್ದಳು. ಥರ್ಮಾಮೀಟರಿನಲ್ಲಿ ಜ್ವರವಿಲ್ಲ. ಆದರೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಕುಲ್ಸುಂಗೆ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು. ಏನೆಂದು ಗೊತ್ತಾಗುತ್ತಿರಲಿಲ್ಲ.

ಒಂದು ಸೋಮವಾರ ಗಂಗಾಳನ್ನು ಯಂತ್ರಕ್ಕೆ ಹಚ್ಚಿ ಸ್ವಲ್ಪ ಹೊತ್ತಾಗಿತ್ತು. ಕುಲ್ಸುಂ ಪಕ್ಕದ ಮಂಚದ ರೋಗಿಯ ಬಿಪಿ ನೋಡುತ್ತಿದ್ದರು. ಹಿಂದಿನಿಂದ ಕಬ್ಬಿಣ ಗಡಗಡ ಎಂದಿತು. ತಿರುಗಿದರೆ ಗಂಗಾಳ ಮಂಚವೇ ನಡುಗುತ್ತಿದೆ. ಹಲ್ಲು ಕಟಕಟ ಕಡಿಯುತ್ತಿದೆ, ತುಟಿ ನೀಲಿಯಾಗಿದೆ. ಕುಲ್ಸುಂ ಓಡಿ ಹೋಗಿ ಕಂಬಳಿ ಹೊದಿಸಲು ಬಾಗಿದಾಗ ಗಂಗಾ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ಅಕ್ಕಾ, ಕಾಲಿಗೆ ಬೀಳ್ತೀನಿ, ಡಾಕ್ಟರಮ್ಮಗ ಹೇಳಬ್ಯಾಡ್ರಿ. ಈಗ ಹೋಗ್ತದ ಇದು. ದಿನಾ ಹೋಗ್ತದ."

"ದಿನಾನಾ? ದಿನಾ ಬರ್ತಿದ್ಯಾ ಚಳಿಜ್ವರ?"

ಗಂಗಾ ತಲೆಯಾಡಿಸಿದಳು. ಕಣ್ಣಂಚಿನಲ್ಲಿ ನೀರು ಇಳಿಯಿತು. ಇಲ್ಲಿಗೆ ಬರುವ ಮುಂಚೆ ಜ್ವರದ ಮಾತ್ರೆ ನುಂಗಿ ಬರುತ್ತಿದ್ದಳು. ಮಾತ್ರೆಯ ಬಲದಿಂದ ಜ್ವರ ಇಳಿದು ಬೆವರಾಗುತ್ತಿತ್ತು, ಥರ್ಮಾಮೀಟರು ಮೋಸ ಹೋಗುತ್ತಿತ್ತು. ಹೀಗೆ ಮಾಡಲು ಅವಳಿಗೆ ಕಾರಣವಿತ್ತು. ಎದುರು ಮಂಚದಲ್ಲಿ ಮಲಗುತ್ತಿದ್ದ ಅಮರಪ್ಪನವರಿಗೆ ಚಳಿಗಾಲದಲ್ಲಿ ಇಂಥದ್ದೇ ಜ್ವರ ಬಂದು, ಆಸ್ಪತ್ರೆಗೆ ಸೇರಿಸಿ ಪೈಪು ತೆಗೆದಿದ್ದರು. ಅವರು ಮತ್ತೆ ಬರಲಿಲ್ಲ.

"ಅಮರಪ್ಪಗೂ ಪೈಪ್ ಕಿತ್ತರು. ಹೆಣಾ ಆಗಿ ಮನೀಗಿ ಹೋದ. ನಂದೂ ಕೀಳ್ತಾರ. ಮತ್ತೆಲ್ಲಿ ಹಾಕ್ತಾರ ಅಕ್ಕಾ? ಜಾಗಾನ ಇಲ್ಲ ಅಂದಾರ. ನನ್ನ ಕೂಸು ಸಣ್ಣದದ."

ಡಾಕ್ಟರ ಕೋಣೆ ಹಾಲ್‌ನ ಆ ತುದಿಗಿದೆ. ಆ ಗಳಿಗೆ ತಾನು ಅಲ್ಲಾಡದೆ ನಿಂತೇಬಿಟ್ಟೆ ಎಂದು ಕುಲ್ಸುಂ ಒಪ್ಪಿಕೊಳ್ಳುತ್ತಾರೆ. "ಅವ್ಳು ಹೇಳಿದ್ದು ಸುಳ್ಳಲ್ಲ. ಪೈಪ್ ತೆಗೆದ್ರೆ ಮುಂದೆ ಏನು ಅಂತ ನಂಗೂ ಗೊತ್ತಿರ್ಲಿಲ್ಲ. ಆದ್ರೆ ಅವಳ ಕೈ ಹಿಡ್ದಿತ್ತಲ್ಲ ನನ್ನ, ಅದು ಬೆಂಕಿ ಥರ ಸುಡ್ತಿತ್ತು. ಇದು ಇನ್ನೊಂದು ದಿನ ಕಾಯಲ್ಲ ಅನ್ನಿಸ್ತು."

ಮಣಿಕಟ್ಟು ಬಿಡಿಸಿಕೊಂಡು, ಪಂಪು ನಿಲ್ಲಿಸಿ, ಕೇಂದ್ರದ ವೈದ್ಯೆ ಡಾ. ಶ್ರೀವಿದ್ಯಾ ಅವರನ್ನು ಕೂಗಿ ಕರೆದರು. ಪೈಪಿನಿಂದಲೂ ತೋಳಿನಿಂದಲೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಲಾಯಿತು. ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲೆ ಮಲಗಿದ ಗಂಗಾ ಗೋಡೆಯ ಕಡೆ ಮುಖ ತಿರುಗಿಸಿ ಒಂದೇ ಮಾತು ಹೇಳಿದಳು: "ನೀವ ನನ್ನ ಕೊಂದ್ರಿ ಅಕ್ಕಾ."

ದೊಡ್ಡಾಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಆಯಿತು. ಸಂಜೆ ಶ್ರೀವಿದ್ಯಾ ಅವರೇ ಕುಲ್ಸುಂಗೆ ಫೋನ್ ಮಾಡಿದರು. "ಸೋಂಕು ಪೈಪಿನಿಂದ ರಕ್ತಕ್ಕೆ, ರಕ್ತದಿಂದ ಹಾರ್ಟಿನ ವಾಲ್ವಿಗೆ ಹತ್ತಿದೆ ಕುಲ್ಸುಂ. ಕವಾಟದ ಮೇಲೆ ಒಂದು ಗಂಟು ಬೆಳೆದಿದೆ. ಒಂದೊಂದು ಬಡಿತಕ್ಕೂ ಅಲ್ಲಾಡ್ತಿದೆ. ಚೂರು ಕಿತ್ಕೊಂಡ್ರೆ ಮಿದುಳಿಗೂ ಹೋಗ್ಬಹುದು. ಪೈಪ್ ತೆಗೀಲೇಬೇಕು."

ಪೈಪು ತೆಗೆದರು. ಡಯಾಲಿಸಿಸ್‌ಗೆ ತೊಡೆಯ ಸಂದಿಯಲ್ಲಿ ತಾತ್ಕಾಲಿಕವಾಗಿ ಇನ್ನೊಂದನ್ನು ಹಾಕಿದರು. ಆರು ವಾರ ರಕ್ತನಾಳಕ್ಕೇ ಔಷಧ ಕೊಡಬೇಕು, ಅಷ್ಟರಲ್ಲಿ ಕವಾಟ ಹರಿದರೆ ಎದೆ ತೆರೆಯಬೇಕು ಎಂದರು. ನಾಲ್ಕನೆಯ ದಿನ ಗಂಗಾಳ ಎಡಗೈಯಿಂದ ನೀರಿನ ಲೋಟ ಜಾರಿ ಬಿತ್ತು. ಎರಡು ಬೆರಳು ತನ್ನವೇ ಅಲ್ಲವೆಂಬಂತೆ ಮರಗಟ್ಟಿದ್ದವು. ಗಂಟಿನ ಒಂದು ಕಣ ಮಿದುಳಿಗೆ ಹೋಗಿಯೇಬಿಟ್ಟಿತ್ತು.

ಆ ಮಧ್ಯಾಹ್ನ ಬಸು ಕೇಂದ್ರಕ್ಕೆ ಬಂದ. ಕಾವಲಿನ ಸಮವಸ್ತ್ರದಲ್ಲೇ ಬಂದಿದ್ದ. ಎರಡನೇ ಪಾಳಿ ನಡೆಯುತ್ತಿತ್ತು. ಎಂಟೂ ಮಂಚದವರ ಮುಂದೆ ಕುಲ್ಸುಂ ಎದುರು ನಿಂತು ಕೇಳಿದ: "ಪೈಪು ಮುಟ್ಟೋರು ನೀವು. ಮುಚ್ಚಳ ತಗಿಯೋರು ನೀವು. ಕೈ ಸರಿಯಾಗಿ ತೊಳದಿದ್ರ ಈ ಹುಳಾ ಎಲ್ಲಿಂದ ಬರ್ತಿತ್ತು ಹೇಳ್ರಿ?"

ಕೈ ತೊಳೆದಿದ್ದೆ ಎಂದು ಕುಲ್ಸುಂಗೆ ಗೊತ್ತಿತ್ತು. ಮಾಸ್ಕ್ ಹಾಕಿದ್ದೆ ಎಂದೂ ಗೊತ್ತಿತ್ತು. ಆದರೆ ನೂರಾರು ಸಲ ತೆರೆದು ಮುಚ್ಚಿದ ಮುಚ್ಚಳ. ಅಷ್ಟೂ ಸಲದ ಲೆಕ್ಕ ಯಾವ ಮನುಷ್ಯ ಕೊಡಬಲ್ಲ?

ರಕ್ತ ಪರೀಕ್ಷೆಯಲ್ಲಿ ಸಿಕ್ಕಿದ್ದು ಚರ್ಮದ ಮೇಲೆ, ಮೂಗಿನೊಳಗೆ ಸದ್ದಿಲ್ಲದೆ ಬದುಕುವ ಒಂದು ಸಾಮಾನ್ಯ ಬ್ಯಾಕ್ಟೀರಿಯಾ. ಶ್ರೀವಿದ್ಯಾ ಕೇಂದ್ರದ ಎಲ್ಲರ ಮೂಗಿನಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಸಿದರು, ತಮ್ಮದನ್ನೂ ಸೇರಿಸಿ. ವರದಿ ಬಂದಾಗ ಒಬ್ಬರದು ಮಾತ್ರ ಪಾಸಿಟಿವ್ ಇತ್ತು. ಅದು ಕುಲ್ಸುಂ ಅವರದು.

ಶ್ರೀವಿದ್ಯಾ ಬಾಗಿಲು ಹಾಕಿಕೊಂಡು, ಎದುರು ಕೂರಿಸಿಕೊಂಡು ಹೇಳಿದರು. ಆರೋಗ್ಯವಾಗಿರೋ ನಾಲ್ಕು ಜನರಲ್ಲಿ ಒಬ್ಬರ ಮೂಗಲ್ಲಿ ಇದು ಇರತ್ತೆ, ಗಂಗಾಳ ಚರ್ಮದಿಂದಲೇ ಹೋಗಿರಬಹುದು, ಬೆವರಿಗೆ ಡ್ರೆಸಿಂಗ್ ಬಿಟ್ಟುಕೊಂಡು ಹೋಗಿರಬಹುದು, ನಿನ್ನಿಂದಲೂ ಹೋಗಿರಬಹುದು. "ಯಾರಿಂದ ಅಂತ ತೀರ್ಮಾನ ಮಾಡೋಕಾಗಲ್ಲ ಕುಲ್ಸುಂ. ನಂಗೂ ಆಗಲ್ಲ, ಯಾರಿಗೂ ಆಗಲ್ಲ. ಮೂಗಿಗೆ ಮುಲಾಮು ಕೊಡ್ತೀನಿ. ವರದಿ ನೆಗೆಟಿವ್ ಬರೋವರೆಗೆ ಹಾಲ್‌ಗೆ ಬರ್ಬೇಡ."

ಮನೆಗೆ ಹೋಗಿ ಕುಲ್ಸುಂ ಅಡುಗೆಮನೆಯ ಬಾಗಿಲಲ್ಲೇ ಕುಳಿತರು. ಮಗಳು ಮಡಿಲಿಗೆ ಬಂದರೆ ಹಿಂದಕ್ಕೆ ಸರಿದರು. ರೊಟ್ಟಿ ತಟ್ಟಲು ಹಿಟ್ಟು ಮುಟ್ಟಲಿಲ್ಲ. ರಾತ್ರಿ ಊಟಕ್ಕೆ ಮುಕ್ತಾರ್ ಹೋಟೆಲಿನಿಂದ ಪಾರ್ಸೆಲ್ ತಂದರು. "ಮೂಗು ಇದ್ದೋರಿಗೆಲ್ಲಾ ಇರತ್ತಂತಲ್ಲ, ಡಾಕ್ಟ್ರೇ ಹೇಳಿದಾರೆ. ನೀನು ಯಾಕೆ ಮೂಗು ಕುಯ್ಕೊಂಡೋಳ ಥರ ಕೂತಿದೀಯ?" ಎಂದು ನಗಿಸಲು ನೋಡಿದರು. ಕುಲ್ಸುಂ ನಗಲಿಲ್ಲ.

"ಕೆಲಸ ಬಿಟ್ಟುಬಿಡೋಣ ಅನ್ನಿಸ್ತು. ನಿಜ ಹೇಳ್ತೀನಿ, ಯಾವ್ದಾದ್ರೂ ಬಟ್ಟೆ ಅಂಗಡೀಲಿ ನಿಂತ್ಕೊಂಡ್ರೆ ಯಾರ ಹಾರ್ಟಿಗೂ ಏನೂ ಆಗಲ್ವಲ್ಲ," ಎಂದು ಆ ದಿನಗಳನ್ನು ನೆನೆಯುತ್ತಾರೆ. "ಎಲ್ಲರೂ ನಿಂದಲ್ಲ ನಿಂದಲ್ಲ ಅಂದ್ರು. ಆದ್ರೆ ನಂದು ಅಂತಾನೂ ಗೊತ್ತಿಲ್ಲ, ನಂದಲ್ಲ ಅಂತಾನೂ ಗೊತ್ತಿಲ್ಲ. ಅದು ಭಾಳ ಕಷ್ಟ."

ಹತ್ತು ದಿನ ಕಳೆದು ಎರಡನೇ ವರದಿ ನೆಗೆಟಿವ್ ಬಂತು. ಮರುದಿನದಿಂದ ಕೆಲಸಕ್ಕೆ ಬಾ ಎಂದರು. ಕುಲ್ಸುಂ ಕೆಲಸಕ್ಕೆ ಹೋಗುವ ಮುಂಚೆ ಆಸ್ಪತ್ರೆಗೆ ಹೋದರು. ಬೇಡ ಎಂದು ಮುಕ್ತಾರ್ ಹೇಳಿದ್ದರು. ಅವಳ ಗಂಡ ವಾರ್ಡಿನಲ್ಲಿ ಎಲ್ಲರೆದುರು ಏನಾದರೂ ಅಂದರೆ? ಆದರೂ ಆಟೊದಲ್ಲಿ ಅವರೇ ಕರೆದುಕೊಂಡು ಹೋದರು.

ಗಂಗಾ ದಿಂಬಿಗೆ ಒರಗಿದ್ದಳು. ಮುಖ ಅರ್ಧವಾಗಿತ್ತು, ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ಬಸು ಸ್ಟೂಲಿನಿಂದ ಎದ್ದು ನಿಂತ. ಯಾರೂ ಕೂರು ಎನ್ನಲಿಲ್ಲ. ಕುಲ್ಸುಂ ನಿಂತೇ ಹೇಳಿದರು, ಬಾಯಿಪಾಠ ಮಾಡಿಕೊಂಡು ಬಂದವರಂತೆ.

"ಗಂಗಾ, ನಿಂಗೆ ಯಾರೂ ಹೇಳಿರಲ್ಲ, ಅದಕ್ಕೆ ನಾನೇ ಬಂದೆ. ನಮ್ಮೆಲ್ಲರ ಮೂಗು ಟೆಸ್ಟ್ ಮಾಡಿದ್ರು. ನನ್ನ ಮೂಗಲ್ಲಿ ಸಿಕ್ತು, ನಿನ್ನ ರಕ್ತದಲ್ಲಿ ಸಿಕ್ಕಿದ್ದು. ನನ್ನಿಂದಲೇ ಬಂತು ಅಂತಲ್ಲ. ಬಂದಿರ್ಬಹುದು. ಗೊತ್ತಾಗಲ್ಲ ಅಂದ್ರು."

ಬಸುವಿನ ಕೈ ಮುಷ್ಟಿ ಕಟ್ಟಿತು. ಗಂಗಾ ಚಾವಣಿಯ ಫ್ಯಾನನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಈಗೂ ಅದ ಏನು ಮೂಗಿನ್ಯಾಗ?"

"ಇಲ್ಲ. ಔಷಧಿ ಹಾಕಿದ್ರು. ನಿನ್ನೆ ವರದಿ ಬಂತು, ಹೋಗಿದೆ."

"ಖರೇ?"

"ಖರೇ."

"ಹಂಗಾರ ಮುಂದನೂ ನೀವ ಹಚ್ರಿ ನನ್ನ ಮಷೀನಿಗಿ. ಬ್ಯಾರೇದವ್ರ ಮೂಗು ಎರಡು ಸಲ ಯಾರ್ ನೋಡ್ಯಾರ?"

ಬಸು ಒಂದು ಕ್ಷಣ ಹೆಂಡತಿಯ ಮುಖ ನೋಡಿದ. ಗಂಟಲಿನಿಂದ ನಗುವೋ ಬಿಕ್ಕೋ ತಿಳಿಯದ ಒಂದು ಸದ್ದು ಹೊರಟಿತು. ಸ್ಟೂಲನ್ನು ಕಾಲಿನಿಂದ ಕುಲ್ಸುಂ ಕಡೆ ಸರಿಸಿ, ಟೀ ತರುತ್ತೇನೆಂದು ಹೊರಗೆ ಹೋದ. ಕುಲ್ಸುಂ ಕೂತರು. ಕೂತ ಮೇಲೆ ಅತ್ತರು.

"ನಾ ಸಿಟ್ಟಿಲೆ ಅಂದಿದ್ದೆ ಅಕ್ಕಾ, ಕೊಂದ್ರಿ ಅಂತ," ಎಂದಳು ಗಂಗಾ. "ಆವತ್ತ ನೀವು ಬಾಯಿ ಮುಚ್ಚಿದ್ರ ಒಂದು ವಾರದಾಗ ನಾ ಹೋಗ್ತಿದ್ದೆ ಅಂತ ಇಲ್ಲಿ ಡಾಕ್ಟರು ಅಂದಾರ."

ಎದೆ ತೆರೆಯುವ ಪ್ರಮೇಯ ಬರಲಿಲ್ಲ. ಔಷಧಕ್ಕೆ ಗಂಟು ಕರಗುತ್ತಾ ಬಂತು. ಕವಾಟ ಮಾತ್ರ ಮೊದಲಿನಂತಿಲ್ಲ, ಸ್ವಲ್ಪ ಸೋರುತ್ತದೆ. ಆಗಾಗ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು, ಮುಂದೊಂದು ದಿನ ಬದಲಿಸಬೇಕಾದರೂ ಆಶ್ಚರ್ಯವಿಲ್ಲ. ಎಡಗೈಯ ಎರಡು ಬೆರಳಿಗೆ ಬಿಸಿಯೂ ತಿಳಿಯದು, ಹಿಟ್ಟಿನ ಹದವೂ ತಿಳಿಯದು. ಗಂಗಾ ಈಗ ರೊಟ್ಟಿಯನ್ನು ಬಲಗೈಯಲ್ಲೇ ಬಡಿಯುತ್ತಾಳೆ. ಅಂಚು ಸೊಟ್ಟ ಬರುತ್ತದೆ. ಫ್ಲ್ಯಾಟಿನವರು ಅದನ್ನೇ ಕೊಳ್ಳುತ್ತಾರೆ.

ಮಳೆಗಾಲದಲ್ಲಿ ಬಲತೋಳಿಗೆ ಹೊಸ ಫಿಸ್ಟುಲಾ ಆಯಿತು. ಹಿಂದಿನ ಎರಡೂ ಕೈಕೊಟ್ಟಿದ್ದರಿಂದ ಯಾರಿಗೂ ನಂಬಿಕೆಯಿರಲಿಲ್ಲ. ದಸರಾ ಕಳೆದ ಮೇಲೆ ಮೊದಲ ಸೂಜಿಯ ದಿನ ಬಂತು. ಕುಲ್ಸುಂ ತೋಳಿನ ಮೇಲೆ ಎರಡು ಬೆರಳಿಟ್ಟರು. ಚರ್ಮದಡಿಯಲ್ಲಿ ರಕ್ತ ಝುಂಯ್ ಎಂದು ಹರಿಯುವುದು ಬೆರಳಿಗೆ ತಾಗಿತು. ಆದರೂ ಅವರ ಕೈ ತಡೆಯಿತು. ಸೂಜಿ ರಕ್ತನಾಳದ ಆಚೆ ಗೋಡೆ ದಾಟಿದರೆ ರಕ್ತ ಒಳಗೇ ಸೋರಿ ತೋಳು ಊದಿ, ಇದೂ ಹಾಳಾದೀತು. ಕಿರಿಯ ಟೆಕ್ನಿಷಿಯನ್ ನಿಖಿತಾಳನ್ನು ಕರೆದು, "ನೀನು ಹಾಕ್ತೀಯಾ?" ಎಂದು ಕೇಳಿದರು.

"ಯಾಕ್ರೀ ಅಕ್ಕಾ, ನಿಮಗೇನಾಗ್ಯಾದ?" ಎಂದು ಗಂಗಾ ಗದರಿದಳು. "ಹಾಕ್ರಿ ಸುಮ್ಮನ. ನಾ ಆ ಕಡೆ ನೋಡ್ತೀನಿ."

ಸೂಜಿ ಒಳಗೆ ಹೋಯಿತು. ನಳಿಗೆಯಲ್ಲಿ ಕೆಂಪು ಸರ್ರನೆ ಏರಿತು. ಊತವಿಲ್ಲ, ಸೋರಿಕೆಯಿಲ್ಲ. ಯಂತ್ರ ತಿರುಗತೊಡಗಿದಾಗ ಗಂಗಾ ಆ ಕಡೆ ಮುಖ ಮಾಡಿಕೊಂಡೇ, "ಮುಗೀತೇನು? ಇಷ್ಟಕ್ಕ ಇಷ್ಟು ನಾಟಕ?" ಎಂದಳು. ಇಡೀ ಪಾಳಿಯೇ ನಕ್ಕಿತು. ಸೋಂಕು ಹೋದ ಮೇಲೆ, ತೊಡೆಯ ಪೈಪಿನ ಬದಲು ಡಾಕ್ಟರು ಕತ್ತಿನ ಎಡಗಡೆಯಲ್ಲೇ ಹೇಗೋ ಜಾಗ ಹುಡುಕಿ ಹಾಕಿದ್ದ ಕೊನೆಯ ಪೈಪನ್ನು ಮುಂದಿನ ತಿಂಗಳು ತೆಗೆದರು. ಕತ್ತಿನ ಬುಡದಲ್ಲಿ ಈಗ ಗಾಯದ ಗುರುತು ಮಾತ್ರ ಇದೆ. ಗಂಗಾ ಅದನ್ನು ಸೆರಗಿನಿಂದ ಮುಚ್ಚುವುದಿಲ್ಲ.

ಈ ಪ್ರಕರಣದ ನಂತರ ಕೇಂದ್ರದಲ್ಲಿ ಒಂದೆರಡು ಬದಲಾವಣೆಗಳಾಗಿವೆ. ಸಿಬ್ಬಂದಿಯ ಮೂಗಿನ ಪರೀಕ್ಷೆ ಆಗಾಗ ನಡೆಯುತ್ತದೆ. ಮುಚ್ಚಳ ತೆರೆಯುವಾಗ ರೋಗಿಗೂ ಮಾಸ್ಕ್. ಪೈಪು ಇರುವ ಪ್ರತಿಯೊಬ್ಬರನ್ನೂ ಕುಲ್ಸುಂ ಎದುರು ಕೂರಿಸಿಕೊಂಡು ಒಂದೇ ಮಾತನ್ನು ಕನ್ನಡ, ದಖನಿ ಉರ್ದು, ತಮಿಳಿನಲ್ಲಿ ಹೇಳುತ್ತಾರೆ: ಚಳಿಜ್ವರ ಬಂದರೆ ಮಾತ್ರೆ ನುಂಗಿ ಮುಚ್ಚಿಡಬೇಡಿ, ಮೊದಲು ನನಗೆ ಹೇಳಿ. "ಬೈಯಲ್ಲ ಅಂತಾನೂ ಹೇಳ್ತೀನಿ. ಬೈತಾರೆ ಅಂತಾನೇ ಅರ್ಧ ಜನ ಮುಚ್ಚಿಡೋದು."

ಮೊದಲ ಪಾಳಿ ಮುಗಿಯುತ್ತಾ ಬಂದಿದೆ. ಕೆರೆಯ ಕಡೆಯ ಕಿಟಕಿಯಿಂದ ಬಿಸಿಲು ಒಳಗೆ ಇಳಿದಿದೆ. ಮೂರನೇ ಮಂಚದಲ್ಲಿ ಹೊಸಬರು, ಹೋದ ವಾರವಷ್ಟೇ ಪೈಪು ಹಾಕಿಸಿಕೊಂಡ ಹಿರಿಯರು. ಕುಲ್ಸುಂ ಹೊಸ ಗ್ಲೌಸ್ ತೊಡುತ್ತಾರೆ, ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಳ್ಳುತ್ತಾರೆ, ಹಿರಿಯರ ಮಾಸ್ಕನ್ನೂ ಸರಿಮಾಡುತ್ತಾರೆ. ಯಂತ್ರದ ನಳಿಗೆ ಬಿಡಿಸಿ ಪೈಪಿಗೆ ಹೊಸ ಮುಚ್ಚಳ ಹಾಕುವವರೆಗೂ ಕುಲ್ಸುಂ ಅವರ ಎದೆ ಏರಿಳಿಯುವುದಿಲ್ಲ. ತಿರುಪಿ ಬಿಗಿ ಮಾಡಿದ ಮೇಲೆ ಉಸಿರು ಬಿಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಸಂಬಳ, ಪ್ರಶಸ್ತಿ ಯಾವುದೂ ಅವರ ಬಾಯಿಗೆ ಬರುವುದಿಲ್ಲ. ಗ್ಲೌಸ್ ಕಳಚಿ ಕಸದ ಬುಟ್ಟಿಗೆ ಹಾಕುತ್ತಾರೆ.

"ಒಂದು ಬೆಳಗ್ಗೆ ನಾನು ಬಂದು ಶಟರ್ ತೆಗೆದ ಮೇಲೆ ಒಳಗೆ ಬರೋ ಒಬ್ಬರ ಕತ್ತಲ್ಲೂ ಪೈಪ್ ಇರ್ಬಾರ್ದು. ಎಂಟೂ ಜನ ತೋಳು ಚಾಚಿ ಮಲಗಿರ್ಬೇಕು. ನಾನು ಒಬ್ಬೊಬ್ರಿಗೇ ಸೂಜಿ ಹಾಕ್ಕೊಂಡು ಹೋಗ್ಬೇಕು, ಅವ್ರು ನೋವು ಅಂತ ನನ್ನ ಬೈತಾ ಇರ್ಬೇಕು. ಬೈಸ್ಕೊಳ್ಳೋಕೆ ನಂಗೇನೂ ಬೇಜಾರಿಲ್ಲ."